ಸ್ಟವ್ ಬೇಡ, ಮಿಕ್ಸಿ ಬೇಡ: ಹತ್ತು ನಿಮಿಷದ ಬಾಳೆಹಣ್ಣಿನ ರಸಾಯನ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನಲ್ಲಿ ರಕ್ತದಾನ ಶಿಬಿರ ಇತ್ತಲ್ಲ, ನಿಮ್ಮಲ್ಲಿ ತುಂಬ ಜನ ಬಂದಿದ್ರಿ. ನಾನೂ ಲೈನಲ್ಲಿ ನಿಂತಿದ್ದೆ. ಫಾರ್ಮ್ ತುಂಬಿಸಿದೆ, ತೂಕ ನೋಡಿದ್ರು, ಬೆರಳು ಚುಚ್ಚಿ ಒಂದು ಹನಿ ರಕ್ತ ತಗೊಂಡ್ರು. ಮೀಟರ್ ನೋಡಿದ ಸಿಸ್ಟರ್, "ಈ ಸಲ ನಿಮ್ ಹತ್ರ ತಗೊಳ್ಳೋ ಹಾಗಿಲ್ಲಮ್ಮ, 10.9 ಇದೆ" ಅಂದ್ರು. ರಕ್ತ ಕೊಡಬೇಕು ಅಂದ್ರೆ ಹಿಮೋಗ್ಲೋಬಿನ್ ಒಂದು ಡೆಸಿಲೀಟರ್‌ಗೆ ಕನಿಷ್ಠ 12.5 ಗ್ರಾಂ ಇರಬೇಕು. ಹೆಣ್ಣುಮಕ್ಕಳಿಗೆ 12ಕ್ಕಿಂತ ಕಮ್ಮಿ ಇದ್ರೆ ಅದನ್ನೇ ರಕ್ತಹೀನತೆ ಅನ್ನೋದು. ಅಂದ್ರೆ ನಾನು ರಕ್ತ ಕೊಡೋದಿರಲಿ, ನನಗೇ ಸಾಲದು.

ಪಕ್ಕದಲ್ಲಿದ್ದ ಡಾಕ್ಟರ್ ಒಂದೇ ಪ್ರಶ್ನೆ ಕೇಳಿದ್ರು: "ಬೆಳಗ್ಗೆ ತಿಂಡಿ ಏನ್ ತಿಂದಿದ್ದೀರ?" ನಾನು "ಟೀ" ಅಂದೆ. ಅವರು ನಗಲಿಲ್ಲ.

ಈ ಲೇಖನ ಆ ಪ್ರಶ್ನೆಗೆ ನಾನು ಆಮೇಲೆ ಹುಡುಕಿಕೊಂಡ ಉತ್ತರ. ಅಡುಗೆ ಗೊತ್ತಿಲ್ಲದವರೂ ಮಾಡಬಹುದು. ಹಾಸ್ಟೆಲ್, ಪಿಜಿ ಎಲ್ಲಿ ಬೇಕಾದ್ರೂ ಆಗುತ್ತೆ.

ನಮ್ಮ ಬೆಳಗಿನ ಕಥೆ

ಹೂಡಿಯಲ್ಲಿ ಇರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್.ಪುರದ ತನಕ ಮೆಟ್ರೊ ಶುರುವಾಯ್ತು. ಹೂಡಿಗೂ ಒಂದು ಸ್ಟೇಷನ್ ಬಂತು. ಈಗ ಬೀದಿಗೆ ಹತ್ತು ಪಿಜಿ. ಐಟಿಪಿಎಲ್ ಕಡೆ ಕೆಲಸಕ್ಕೆ ಹೋಗೋರು, ನಮ್ಮಂಥ ಸ್ಟೂಡೆಂಟ್ಸು, ಎಲ್ಲರೂ ಒಂದೇ ಹೊತ್ತಿಗೆ ಎದ್ದು ಒಂದೇ ಹೊತ್ತಿಗೆ ರೋಡಿಗೆ ಇಳೀತೀವಿ. ನಾನಿರೋ ಪಿಜಿಯಲ್ಲಿ ತಿಂಡಿ ಬರೋದು 8 ಗಂಟೆಗೆ. ನಾನು ಹೊರಡಬೇಕಾಗಿರೋದು 7:40ಕ್ಕೆ. ರೂಮಲ್ಲಿ ಇಂಡಕ್ಷನ್ ಸ್ಟವ್ ಇಡೋ ಹಾಗಿಲ್ಲ, ಫ್ರಿಜ್ ಇಲ್ಲ. ಇರೋದು ಒಂದು ನೀರಿನ ಮಷೀನು, ಅದರಲ್ಲಿ ಬಿಸಿನೀರು ಬರುತ್ತೆ.

ಹಾಗಾಗಿ ಒಂದು ವರ್ಷ ನನ್ನ ತಿಂಡಿ ಅಂದ್ರೆ ಗೇಟ್ ಹತ್ರ ಒಂದು ಟೀ, ಎರಡು ಬಿಸ್ಕೆಟ್. 11 ಗಂಟೆ ಬ್ರೇಕಲ್ಲಿ ಕ್ಯಾಂಟೀನ್ ಪಫ್. ಮೂರನೇ ಅವರ್ ಕ್ಲಾಸಲ್ಲಿ ಬೋರ್ಡ್ ಮಂಜುಮಂಜಾಗಿ ಕಾಣ್ತಿತ್ತು. ಸಬ್ಜೆಕ್ಟೇ ಕಷ್ಟ ಇರಬೇಕು ಅಂದ್ಕೊಂಡಿದ್ದೆ.

ಇದು ನನ್ನೊಬ್ಬಳ ಕಥೆ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57 ಪರ್ಸೆಂಟ್ ಜನಕ್ಕೆ ರಕ್ತಹೀನತೆ ಇದೆ. ನಮ್ಮ ಕ್ಲಾಸಿನ ಹುಡುಗಿಯರ ಬೆಂಚುಗಳನ್ನ ಒಂದು ಸಲ ಕಣ್ಣಲ್ಲೇ ಎಣಿಸಿ ನೋಡಿ.

ಮೊದಲು ಮಾಡಿದ ತಪ್ಪು

ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ರು, ತಿಂಡಿ ಬಿಡಬೇಡಿ ಅಂದ್ರು. ಮಾರನೇ ದಿನದಿಂದಲೇ ನಾನು "ಹೆಲ್ದಿ" ಆದೆ. ಫೋನಲ್ಲಿ ಆ ಬಣ್ಣಬಣ್ಣದ ಸ್ಮೂದಿ ಬೌಲ್ ನೋಡಿರ್ತೀರಲ್ಲ, ಮೇಲೆ ಬ್ಲೂಬೆರಿ, ಚಿಯಾ ಬೀಜ, ಬಾದಾಮಿ ಹಾಲು ಎಲ್ಲ ಹಾಕಿರೋದು. ಆ್ಯಪಲ್ಲಿ ನೋಡಿದೆ, ಒಂದು ಬೌಲ್‌ಗೆ 250 ರೂಪಾಯಿ ಮೇಲೆ. ತಿಂಗಳಿಗೆ ಲೆಕ್ಕ ಹಾಕಿ ಫೋನ್ ಕೆಳಗಿಟ್ಟೆ.

ಸರಿ, ಬರೀ ಹಣ್ಣು ತಿನ್ನೋಣ ಅಂತ ಹೂಡಿ ಸರ್ಕಲ್ ಹತ್ರ ತಳ್ಳೋಗಾಡಿಯಲ್ಲಿ ಬಾಳೆಹಣ್ಣು ತಗೊಂಡೆ. ದಿನಾ ಬೆಳಗ್ಗೆ ಮೂರು ಬಾಳೆಹಣ್ಣು. ನಾಲ್ಕು ದಿನ ನಡೀತು. ಐದನೇ ದಿನ 10:30ಕ್ಕೇ ಹೊಟ್ಟೆ ಕೂಗೋಕೆ ಶುರು, 11ಕ್ಕೆ ಮತ್ತೆ ಅದೇ ಪಫ್.

ಆ ಭಾನುವಾರ ಅಜ್ಜಿಗೆ ಫೋನ್ ಮಾಡಿದ್ದೆ. ಅಜ್ಜಿ ಮನೆ ತೀರ್ಥಹಳ್ಳಿ ಕಡೆ. ವಿಷಯ ಎಲ್ಲ ಕೇಳಿ ಅವರು ಹೇಳಿದ್ದು ಇಷ್ಟೇ: "ಬರೀ ಹಣ್ಣು ತಿಂದ್ರೆ ಹೊಟ್ಟೆ ನಿಲ್ಲುತ್ತೇನೇ? ಅವಲಕ್ಕಿ ಹಾಕಿ ರಸಾಯನ ಮಾಡ್ಕೊಳ್ಳೇ. ಒಲೆ ಹಚ್ಚೋದೇ ಬೇಡ."

ನನಗೆ ನಾಚಿಕೆ ಆಯ್ತು. ಬೇಸಿಗೆ ರಜೆಯಲ್ಲಿ ನಾನು ಬಟ್ಟಲುಗಟ್ಟಲೆ ತಿಂದಿರೋದು ಅದನ್ನೇ. ಹಣ್ಣು, ತೆಂಗಿನ ಹಾಲು, ಬೆಲ್ಲ, ಏಲಕ್ಕಿ. ಹಾಲಿಲ್ಲ, ಮೊಸರಿಲ್ಲ, ತುಪ್ಪ ಇಲ್ಲ. ಈಗ ಎಲ್ಲರೂ "ಪ್ಲಾಂಟ್ ಬೇಸ್ಡ್" ಅಂತ ಕರೆಯೋದು ಇದನ್ನೇ. ನಾನು ಅದನ್ನ ಬಿಟ್ಟು ಬ್ಲೂಬೆರಿ ರೇಟ್ ನೋಡ್ತಾ ಕೂತಿದ್ದೆ.

ರಸಾಯನ ಅಂದ್ರೆ

ಹೆಸರು ಕೇಳಿ ಕೆಮಿಸ್ಟ್ರಿ ಲ್ಯಾಬ್ ನೆನಪಾದ್ರೆ ತಪ್ಪೇನಿಲ್ಲ, ಪದ ಒಂದೇ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ರಸಾಯನ ಅಂದ್ರೆ ಹಣ್ಣನ್ನ ಹೆಚ್ಚಿ ಇಲ್ಲಾ ಕಿವುಚಿ, ತೆಂಗಿನಕಾಯಿ ಹಾಲು, ಬೆಲ್ಲ ಹಾಕಿ ಮಾಡೋ ಸಿಹಿ. ದೋಸೆ, ಶಾವಿಗೆ ಜೊತೆಗೂ ತಿಂತಾರೆ. ಬಯಲುಸೀಮೆ ಕಡೆ ಸೀಕರಣೆ ಅಂತಾರೆ, ಹೆಚ್ಚಾಗಿ ಹಸುವಿನ ಹಾಲು ಹಾಕ್ತಾರೆ. ನನ್ನ ರೂಮ್‌ಮೇಟ್ ವಿಜಯಪುರದವಳು. ನಾನು ಮೊದಲ ದಿನ ಮಾಡ್ತಿದ್ದಾಗ ಬಟ್ಟಲಲ್ಲಿ ಇಣುಕಿ ನೋಡಿ, "ಇದೇನ ಹೊಸಾದು ಅಂತ ಮಾಡಾಕತ್ತಿ? ನಮ್ಮಲ್ಲಿ ಇದಕ್ಕ ಶೀಕರಣಿ ಅಂತಾರ. ಮಾವಿನಹಣ್ಣಿಂದು ತಿಂದಿಲ್ಲ ಅಂದ್ರ ನೀ ಏನೂ ತಿಂದಿಲ್ಲ ಬಿಡು" ಅಂದ್ಲು.

ಕನ್ನಡದಲ್ಲಿ ಅಡುಗೆ ಬಗ್ಗೆ ಬರೆಯೋದೂ ಹೊಸದಲ್ಲ. 11ನೇ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲೇ ಅಡುಗೆಗೆ ಒಂದು ಅಧ್ಯಾಯ ಇದೆ. 16ನೇ ಶತಮಾನದಲ್ಲಿ ಮಂಗರಸ ಪೂರ್ತಿ ಅಡುಗೆಗೇ ಅಂತ 'ಸೂಪಶಾಸ್ತ್ರ' ಬರೆದ, ಅದೂ ಷಟ್ಪದಿಯಲ್ಲಿ. ಹಾಗಾಗಿ ನಾನು ಗದ್ಯದಲ್ಲಿ ಒಂದು ರಸಾಯನದ ಬಗ್ಗೆ ಬರೆದ್ರೆ ಯಾರೂ ಬೈಯಲ್ಲ ಅಂದ್ಕೊಂಡಿದ್ದೀನಿ.

ಏನೇನು ಬೇಕು (ಒಬ್ಬರಿಗೆ)

- ಚೆನ್ನಾಗಿ ಹಣ್ಣಾದ ಯಾಲಕ್ಕಿ ಬಾಳೆ: 3
- ಪೇಪರ್ ಅವಲಕ್ಕಿ ಅಥವಾ ಮೀಡಿಯಂ ಅವಲಕ್ಕಿ: ಎರಡು ಹಿಡಿ, ಸುಮಾರು 40 ಗ್ರಾಂ
- ತೆಂಗಿನಕಾಯಿ ತುರಿ: ಒಂದು ಹಿಡಿ, ಸುಮಾರು 25 ಗ್ರಾಂ
- ಹುರಿದ ಕಡಲೆಕಾಯಿ ಬೀಜ: ಒಂದು ಹಿಡಿ, ಸುಮಾರು 25 ಗ್ರಾಂ
- ಪುಡಿ ಬೆಲ್ಲ: 2 ಚಿಕ್ಕ ಚಮಚ
- ಏಲಕ್ಕಿ: 1, ನಿಂಬೆರಸ: ನಾಲ್ಕೈದು ಹನಿ, ಉಪ್ಪು: ಚಿಟಿಕೆ
- ಪಕ್ಕಕ್ಕೆ ಅರ್ಧ ಸೀಬೆಹಣ್ಣು. ಇದನ್ನ ಮರೀಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಪಾತ್ರೆ ಅಂದ್ರೆ ಒಂದು ಸ್ಟೀಲ್ ಬಟ್ಟಲು, ಒಂದು ಚಮಚ, ಒಂದು ಚಾಕು, ಕೈಯಲ್ಲಿ ಹಿಡಿದು ತುರಿಯೋ ಸಣ್ಣ ತುರಿಮಣೆ, ಒಂದು ತೆಳು ಬಿಳಿ ಬಟ್ಟೆ.

ಎಲ್ಲ ಹೂಡಿಯಲ್ಲೇ ಸಿಗುತ್ತೆ. ಅವಲಕ್ಕಿ, ಕಡಲೆಕಾಯಿ ಬೀಜ, ಬೆಲ್ಲ ತಿಂಗಳಿಗೊಂದು ಸಲ ಯಾವುದಾದ್ರೂ ದಿನಸಿ ಅಂಗಡಿಯಲ್ಲಿ ತಗೊಂಡು ಡಬ್ಬಕ್ಕೆ ಹಾಕಿಟ್ರೆ ಆಯ್ತು, ಅದಕ್ಕೆ ಫ್ರಿಜ್ ಬೇಡ. ಹುರಿದ ಬೀಜ ಸಿಗದಿದ್ರೆ ಹುರಿಗಡಲೆ ಆಗುತ್ತೆ. ಹಣ್ಣು ಎರಡು ದಿನಕ್ಕೊಮ್ಮೆ ಗಾಡಿಯವರ ಹತ್ರ. ನಾನು ಕೊಂಡ ಲೆಕ್ಕದಲ್ಲಿ ಒಂದು ಬಟ್ಟಲಿಗೆ 35ರಿಂದ 40 ರೂಪಾಯಿ ಬೀಳುತ್ತೆ. ಟೀ, ಬಿಸ್ಕೆಟ್, ಪಫ್ ಸೇರಿದ್ರೆ ಅದಕ್ಕಿಂತ ಜಾಸ್ತಿನೇ ಆಗ್ತಿತ್ತು.

ತೆಂಗಿನಕಾಯಿ ಒಡೆಯೋದು ಪಿಜಿಯಲ್ಲಿ ರಗಳೆ. ಅದಕ್ಕೆ ಎರಡು ದಾರಿ ಇದೆ. ಒಂದು, ಅಂಗಡಿಯವರನ್ನೇ ಕೇಳಿದ್ರೆ ಒಡೆದು ಕೊಡ್ತಾರೆ. ರೂಮ್‌ಮೇಟ್ಸ್ ಜೊತೆ ಹಂಚಿಕೊಂಡು ಅವತ್ತು, ಮಾರನೇ ದಿನ ಬೆಳಗ್ಗೆ ಮುಗಿಸಿಬಿಡಿ. ಎರಡು, ಎಳನೀರಿನವರ ಹತ್ರ "ಗಂಜಿ ಇರೋದು ಕೊಡಿ" ಅನ್ನಿ. ನೀರು ಕುಡಿದು ಗಂಜಿಯನ್ನ ಡಬ್ಬಕ್ಕೆ ಹಾಕಿಸಿಕೊಂಡು ಬಂದು ಬಾಳೆಹಣ್ಣಿನ ಜೊತೆ ಕಿವುಚಿ. ಹಾಲಿನಷ್ಟು ಗಟ್ಟಿ ಬರಲ್ಲ, ಆದ್ರೆ ತುರಿಯೋ ಕೆಲಸ ಉಳಿಯುತ್ತೆ, ರುಚಿನೂ ಚೆನ್ನಾಗಿರುತ್ತೆ.

ಮಾಡೋದು ಹೇಗೆ

1. ತೆಂಗಿನ ತುರಿ ಬಟ್ಟಲಿಗೆ ಹಾಕಿ. ಅರ್ಧ ಲೋಟ ಉಗುರುಬೆಚ್ಚಗಿನ ನೀರು ಹಾಕಿ ಕೈಯಲ್ಲಿ ಒಂದು ನಿಮಿಷ ಚೆನ್ನಾಗಿ ಹಿಸುಕಿ. ಕುದಿಯೋ ನೀರು ಬೇಡ. ಬಟ್ಟೆಯಲ್ಲಿ ಸೋಸಿ ಹಿಂಡಿದ್ರೆ ಹಾಲು ಬರುತ್ತೆ. ಹಿಂಡಿದ ತುರಿ ಎಸೀಬೇಡಿ.

2. ಹಾಲಿಗೆ ಬೆಲ್ಲ, ಉಪ್ಪು, ಕುಟ್ಟಿದ ಏಲಕ್ಕಿ ಹಾಕಿ ಬೆಲ್ಲ ಕರಗೋ ತನಕ ಕಲಸಿ. ಬೆಲ್ಲದಲ್ಲಿ ಕಸ ಇದೆ ಅನ್ನಿಸಿದ್ರೆ ಮೊದಲೇ ಸ್ವಲ್ಪ ನೀರಲ್ಲಿ ಕರಗಿಸಿ ಸೋಸಿಕೊಳ್ಳಿ.

3. ಬಾಳೆಹಣ್ಣಿನಲ್ಲಿ ಎರಡನ್ನ ಹೆಚ್ಚಿ, ಒಂದನ್ನ ಚಮಚದಲ್ಲಿ ಕಿವುಚಿ. ಕಿವುಚಿದ್ದು ಹಾಲಿಗೆ ಸೇರಿ ರಸ ಗಟ್ಟಿ ಆಗುತ್ತೆ, ಹೆಚ್ಚಿದ್ದು ಬಾಯಿಗೆ ಸಿಗುತ್ತೆ. ತಕ್ಷಣ ನಿಂಬೆರಸ ಹಾಕಿ.

4. ಪೇಪರ್ ಅವಲಕ್ಕಿ ಆದ್ರೆ ನೇರ ಹಾಕಿ. ಮೀಡಿಯಂ ಆದ್ರೆ ಒಂದು ಸಲ ತೊಳೆದು, ನೀರು ಬಸಿದು, ಐದು ನಿಮಿಷ ಬಿಟ್ಟು ಹಾಕಿ. ಗಟ್ಟಿ ಅವಲಕ್ಕಿಗೆ ಇನ್ನೂ ಜಾಸ್ತಿ ಹೊತ್ತು ನೆನೀಬೇಕು, ಬೆಳಗಿನ ಗಡಿಬಿಡಿಗೆ ಅದು ಸರಿ ಹೋಗಲ್ಲ.

5. ಹಿಂಡಿದ ತುರಿ ಹಾಕಿ. ಕೊನೆಗೆ ಕಡಲೆಕಾಯಿ ಬೀಜ. ಮೊದಲೇ ಹಾಕಿದ್ರೆ ಮೆತ್ತಗಾಗುತ್ತೆ.

ಮೊದಲ ದಿನ ನನಗೆ ಇಪ್ಪತ್ತೈದು ನಿಮಿಷ ಆಗಿತ್ತು, ಬೆರಳೂ ಸ್ವಲ್ಪ ತುರಿದುಕೊಂಡಿದ್ದೆ. ಈಗ ಹತ್ತೇ ನಿಮಿಷ. ತುರಿ ಹಿಂದಿನ ರಾತ್ರಿ ರೆಡಿ ಮಾಡೋಣ ಅಂದ್ಕೋಬೇಡಿ. ಫ್ರಿಜ್ ಇಲ್ಲದೆ ಅದು ಬೇಗ ಹುಳಿ ವಾಸನೆ ಬರುತ್ತೆ, ಅನುಭವದಿಂದ ಹೇಳ್ತಿದ್ದೀನಿ.

ಬರೀ ಹಣ್ಣು ಯಾಕೆ ಸಾಲಲ್ಲ: ಒಂದು ಲೆಕ್ಕ

ನಾವು ಇಂಜಿನಿಯರಿಂಗ್ ಓದೋರು, ಲೆಕ್ಕ ಇಲ್ಲದೆ ನಂಬಲ್ಲ. ಅದಕ್ಕೇ ನನ್ನ ಹಳೇ ತಿಂಡಿ, ಹೊಸ ತಿಂಡಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎಲ್ಲ ಸುಮಾರು ಲೆಕ್ಕ.

ಮೂರು ಯಾಲಕ್ಕಿ ಬಾಳೆ, ಸಿಪ್ಪೆ ತೆಗೆದ್ರೆ 130 ಗ್ರಾಂ ಅಂತಿಟ್ಕೊಳ್ಳಿ. ಅದರಿಂದ ಸಿಗೋದು 115 ಕಿಲೊ ಕ್ಯಾಲೊರಿ, ಪ್ರೊಟೀನ್ ಬರೀ ಒಂದೂವರೆ ಗ್ರಾಂ. ಅದಕ್ಕೇ 10:30ಕ್ಕೆ ಹೊಟ್ಟೆ ಕೂಗ್ತಿದ್ದಿದ್ದು.

ಇನ್ನು ರಸಾಯನದ್ದು: ಬಾಳೆಹಣ್ಣು 115, ಅವಲಕ್ಕಿ 140, ಕಡಲೆಕಾಯಿ ಬೀಜ 140, ತೆಂಗಿನಕಾಯಿ 90, ಬೆಲ್ಲ 40. ಒಟ್ಟು 525ರ ಹತ್ತಿರ. ಪ್ರೊಟೀನ್ 11 ಗ್ರಾಂ ದಾಟುತ್ತೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಒಂದು ಹಿಡಿ ಕಡಲೆಕಾಯಿಯಿಂದಲೇ. ದಿನಕ್ಕೆ ದೇಹದ ತೂಕದ ಪ್ರತಿ ಕಿಲೊಗೆ 0.83 ಗ್ರಾಂ ಪ್ರೊಟೀನ್ ಬೇಕು ಅಂತ ನಮ್ಮ ದೇಶದ ಶಿಫಾರಸು ಇದೆ. 50 ಕಿಲೊ ಇರೋರಿಗೆ ಸುಮಾರು 41 ಗ್ರಾಂ. ಅಂದ್ರೆ ಬೆಳಗ್ಗೆ 7:30ಕ್ಕೇ ಕಾಲು ಭಾಗ ಮುಗೀತು.

ಕ್ಯಾಲೊರಿ ಎಷ್ಟು ಅನ್ನೋದರ ಜೊತೆಗೆ ಅದು ಎಷ್ಟು ನಿಧಾನ ರಕ್ತಕ್ಕೆ ಸೇರುತ್ತೆ ಅನ್ನೋದೂ ಮುಖ್ಯ. ಬಾಳೆಹಣ್ಣಿನ ಸಕ್ಕರೆ, ಬೆಲ್ಲ, ಅವಲಕ್ಕಿ ಒಂಟಿಯಾಗಿ ಬೇಗ ಜೀರ್ಣ ಆಗುತ್ತೆ. ಜೊತೆಗೆ ಕೊಬ್ಬು, ಪ್ರೊಟೀನ್, ನಾರು ಇದ್ರೆ ಹೊಟ್ಟೆ ಖಾಲಿ ಆಗೋದು ನಿಧಾನ. ಅಜ್ಜಿ "ಹೊಟ್ಟೆ ನಿಲ್ಲುತ್ತೇನೇ" ಅಂದಿದ್ದು ಇದನ್ನೇ. ಹಿಂಡಿದ ತುರಿ ಎಸೀಬೇಡಿ ಅಂದಿದ್ದೂ ಇದಕ್ಕೇ, ನಾರೆಲ್ಲ ಅದರಲ್ಲೇ ಇರೋದು. ಹಣ್ಣನ್ನ ಜ್ಯೂಸ್ ಮಾಡಿ ಸೋಸಿ ಕುಡಿಯೋದಕ್ಕಿಂತ ಹಾಗೇ ತಿನ್ನೋದು ಒಳ್ಳೇದು ಅನ್ನೋದಕ್ಕೂ ಇದೇ ಕಾರಣ.

ಕಬ್ಬಿಣದ ವಿಷಯ

ಇಲ್ಲಿ ನಾನು ತುಂಬ ತಪ್ಪು ತಿಳ್ಕೊಂಡಿದ್ದೆ. ಬೆಲ್ಲದಲ್ಲಿ ಕಬ್ಬಿಣ ಇದೆ, ಬಾಳೆಹಣ್ಣಲ್ಲಿ ಕಬ್ಬಿಣ ಇದೆ ಅಂತ ಎಲ್ಲರೂ ಹೇಳ್ತಾರೆ. ಬಾಳೆಹಣ್ಣಲ್ಲಿ ಇರೋದು ತುಂಬ ಕಮ್ಮಿ. ಎರಡು ಚಮಚ ಬೆಲ್ಲದಿಂದ ಸಿಗೋದೂ ಅಷ್ಟಕ್ಕಷ್ಟೇ, ಎಷ್ಟಾದ್ರೂ ಬೆಲ್ಲ ಅಂದ್ರೆ ಸಕ್ಕರೆನೇ. ಈ ಬಟ್ಟಲಲ್ಲಿ ಲೆಕ್ಕಕ್ಕೆ ಬರೋ ಕಬ್ಬಿಣ ಕಡಲೆಕಾಯಿ ಬೀಜ, ಅವಲಕ್ಕಿಯಿಂದ. ಮೇಲೆ ಒಂದು ಚಮಚ ಹುರಿದ ಎಳ್ಳು ಉದುರಿಸಿದ್ರೆ ಇನ್ನೂ ಸ್ವಲ್ಪ.

ಇನ್ನೊಂದು ತೊಡಕು ಇದೆ. ಗಿಡದಿಂದ ಬರೋ ಕಬ್ಬಿಣವನ್ನ ನಮ್ಮ ದೇಹ ಅಷ್ಟು ಸುಲಭವಾಗಿ ಹೀರಿಕೊಳ್ಳಲ್ಲ. ಕಾಳು, ಬೀಜಗಳಲ್ಲಿ ಇರೋ ಫೈಟೇಟ್ ಅನ್ನೋ ಅಂಶ ಅದನ್ನ ಹಿಡಿದಿಟ್ಕೊಳ್ಳುತ್ತೆ. ಇದನ್ನ ಬಿಡಿಸೋಕೆ ಸಿ ವಿಟಮಿನ್ ಬೇಕು, ಅದೂ ಅದೇ ಊಟದ ಜೊತೆಗೆ. ಅದಕ್ಕೇ ಅರ್ಧ ಸೀಬೆಹಣ್ಣು. 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗಿಂತ ಜಾಸ್ತಿ ಸಿ ವಿಟಮಿನ್ ಇರುತ್ತೆ. ಅಷ್ಟೇ ತೂಕದ ಕಿತ್ತಳೆಯಲ್ಲಿ ಸುಮಾರು 50. ಅಂದ್ರೆ ಗೇಟ್ ಹತ್ರ ಉಪ್ಪು ಖಾರ ಹಚ್ಚಿ ಕೊಡ್ತಾರಲ್ಲ ಆ ಸೀಬೆ, ಕಿತ್ತಳೆಗಿಂತ ನಾಲ್ಕು ಪಟ್ಟು. ಸೀಬೆ ಸಿಗದ ದಿನ ಒಂದು ತುಂಡು ಪಪ್ಪಾಯ ಇಲ್ಲಾ ಕಿತ್ತಳೆ ಇಟ್ಕೊಳ್ಳಿ. ನಾಲ್ಕು ಹನಿ ನಿಂಬೆರಸ ಇದಕ್ಕೆ ಸಾಲಲ್ಲ, ಅದರ ಕೆಲಸ ಬೇರೆ.

ಇದೆಲ್ಲ ಮಾಡಿ ಮೇಲೊಂದು ಟೀ ಕುಡಿದ್ರೆ? ನಾನು ವರ್ಷ ಪೂರ್ತಿ ಮಾಡಿದ್ದು ಅದೇ ಎಡವಟ್ಟು. ಟೀಯಲ್ಲಿರೋ ಒಗರು ಅಂಶಗಳು ಕಬ್ಬಿಣ ಹೀರೋದಕ್ಕೆ ಅಡ್ಡ ಬರುತ್ತೆ. ಕಾಫಿನೂ ಹಾಗೇ. ಟೀ ಬಿಡಿ ಅಂತ ಹೇಳಲ್ಲ, ನಾನೂ ಬಿಟ್ಟಿಲ್ಲ. ತಿಂಡಿ ಆಗಿ ಒಂದು ಗಂಟೆ ಬಿಟ್ಟು ಕುಡೀರಿ. ಹಾಲಿನ ಕ್ಯಾಲ್ಸಿಯಂ ಕೂಡ ಸ್ವಲ್ಪ ಅಡ್ಡ ಬರುತ್ತೆ. ಹಾಗಾಗಿ ಬೆಳಗ್ಗೆ ತೆಂಗಿನ ಹಾಲು, ರಾತ್ರಿ ಮೊಸರು ಅಂತ ನಾನು ಪಾಲು ಮಾಡ್ಕೊಂಡಿದ್ದೀನಿ. ಹಾಲು ಕೆಟ್ಟದ್ದು ಅಂತಲ್ಲ, ಎರಡನ್ನೂ ಒಂದೇ ಹೊತ್ತಿಗೆ ಹಾಕೋದು ಬೇಡ ಅಷ್ಟೆ.

ಬಟ್ಟಲೊಳಗಿನ ಕೆಮಿಸ್ಟ್ರಿ

ಬಾಳೆಹಣ್ಣು ಹೆಚ್ಚಿದ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತಲ್ಲ, ಯಾಕೆ? ಹೆಚ್ಚಿದಾಗ ಜೀವಕೋಶ ಒಡೆದು ಪಾಲಿಫಿನಾಲ್ ಆಕ್ಸಿಡೇಸ್ ಅನ್ನೋ ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ಹಣ್ಣಿನ ಫಿನಾಲ್‌ಗಳನ್ನ ಕಂದು ಬಣ್ಣಕ್ಕೆ ತಿರುಗಿಸುತ್ತೆ. ಈ ಕಿಣ್ವಕ್ಕೆ ಹುಳಿ ಆಗಿಬರಲ್ಲ. ನಿಂಬೆರಸ ಬಿದ್ರೆ ಅದರ ಕೆಲಸ ನಿಧಾನ ಆಗುತ್ತೆ. ಕಪ್ಪಾದ್ರೆ ವಿಷ ಏನಲ್ಲ, ನೋಡೋಕೆ ಚೆನ್ನಾಗಿರಲ್ಲ ಅಷ್ಟೆ. ಡಬ್ಬದಲ್ಲಿ ತಗೊಂಡು ಹೋಗೋರು ನಿಂಬೆ ಮರೀಬೇಡಿ.

ತೆಂಗಿನ ಹಾಲು ಅಂದ್ರೆ ನೀರಲ್ಲಿ ಎಣ್ಣೆಯ ಸಣ್ಣ ಸಣ್ಣ ಹನಿ ತೇಲ್ತಿರೋ ಎಮಲ್ಷನ್. ಆ ಹನಿಗಳು ಒಂದಕ್ಕೊಂದು ಅಂಟದ ಹಾಗೆ ಅದರಲ್ಲಿರೋ ಪ್ರೊಟೀನ್ ಕಾಯ್ತಿರುತ್ತೆ. ನೀರು ತುಂಬ ಬಿಸಿ ಆದ್ರೆ ಆ ಪ್ರೊಟೀನ್ ಗಟ್ಟಿ ಕಟ್ಟಿ ಹಾಲು ಒಡೆದ ಹಾಗೆ ಆಗುತ್ತೆ. ತಣ್ಣೀರಲ್ಲಿ ಎಣ್ಣೆ ಸರಿಯಾಗಿ ಬಿಡಲ್ಲ. ಅದಕ್ಕೇ ಉಗುರುಬೆಚ್ಚಗೆ.

ಪಪ್ಪಾಯಕ್ಕೆ ಹಸುವಿನ ಹಾಲು ಹಾಕಿಟ್ರೆ ಕಹಿ ಆಗುತ್ತೆ, ಗಮನಿಸಿದ್ದೀರಾ? ಪಪ್ಪಾಯದಲ್ಲಿ ಪಪೇನ್ ಅನ್ನೋ ಕಿಣ್ವ ಇದೆ, ಅದು ಹಾಲಿನ ಪ್ರೊಟೀನನ್ನ ಕತ್ತರಿಸುತ್ತೆ, ಕತ್ತರಿಸಿದ ತುಂಡುಗಳು ಕಹಿ. ಅನಾನಸ್‌ನ ಬ್ರೋಮೆಲಿನ್ ಕೂಡ ಹೀಗೇ. ಹಾಗಾಗಿ ಇವೆರಡನ್ನ ಯಾವ ಹಾಲಿಗೂ ಸೇರಿಸಿ ಇಡೋಕೆ ಹೋಗಬೇಡಿ, ಪಕ್ಕಕ್ಕೆ ಇಟ್ಕೊಂಡು ತಿನ್ನಿ.

ಬಾಳೆಹಣ್ಣು ಆರಿಸೋದು

ಬಾಳೆ ಹಣ್ಣಾಗೋದು ಎಥಿಲೀನ್ ಅನ್ನೋ ಗ್ಯಾಸ್‌ನಿಂದ, ಅದನ್ನ ಹಣ್ಣೇ ಬಿಡುತ್ತೆ. ಹಣ್ಣಾಗ್ತಾ ಪಿಷ್ಟ ಸಕ್ಕರೆ ಆಗುತ್ತೆ. ಅಜ್ಜಿ ಬಾಳೆಕಾಯಿಯನ್ನ ಅಕ್ಕಿ ಡಬ್ಬದಲ್ಲಿ ಹೂತಿಡ್ತಾರೆ, ಗ್ಯಾಸ್ ಹೊರಗೆ ಹೋಗದೆ ಬೇಗ ಹಣ್ಣಾಗಲಿ ಅಂತ. ನಮಗೆ ಒಂದು ಪೇಪರ್ ಕವರ್ ಸಾಕು, ಒಳಗೆ ಈಗಾಗಲೇ ಹಣ್ಣಾದ ಒಂದು ಬಾಳೆಯನ್ನೂ ಇಡಿ. ವ್ಯಾಪಾರಕ್ಕೂ ಎಥಿಲೀನ್ ಗ್ಯಾಸ್ ಬಳಸೋಕೆ ಮಿತಿಯೊಳಗೆ ಅನುಮತಿ ಇದೆ. ನಿಷೇಧ ಇರೋದು ಕ್ಯಾಲ್ಸಿಯಂ ಕಾರ್ಬೈಡ್‌ಗೆ. ಅದು ತೇವಕ್ಕೆ ಸಿಕ್ಕಿ ಅಸಿಟಿಲೀನ್ ಬಿಡುತ್ತೆ, ಜೊತೆಗೆ ಅದರಲ್ಲಿ ಆರ್ಸೆನಿಕ್, ರಂಜಕದ ಕಲ್ಮಶ ಇರಬಹುದು. ಯಾವ ಹಣ್ಣಾದ್ರೂ ಮನೆಗೆ ತಂದ ತಕ್ಷಣ ತೊಳೆದೇ ಬಿಡಿ.

ರಸಾಯನಕ್ಕೆ ಸಿಪ್ಪೆ ಮೇಲೆ ಕಂದು ಚುಕ್ಕೆ ಬಂದಿರೋ ಹಣ್ಣೇ ಬೇಕು, ಆಗ ಬೆಲ್ಲ ಅರ್ಧ ಹಾಕಿದ್ರೂ ಸಾಕು. ಪಚ್ಚಬಾಳೆನೂ ಆಗುತ್ತೆ, ಗಾತ್ರ ದೊಡ್ಡದು, ಒಂದೂವರೆ ಸಾಕು. ಯಾವತ್ತಾದ್ರೂ ನಂಜನಗೂಡು ರಸಬಾಳೆ ಸಿಕ್ಕಿದ್ರೆ ಬಿಡಬೇಡಿ. ಭೌಗೋಳಿಕ ಗುರುತು ಸಿಕ್ಕಿರೋ ಹಣ್ಣು ಅದು. ಪನಾಮ ಸೊರಗು ರೋಗ ಬಂದು ಬೆಳೆಯೋರು ತುಂಬ ಕಮ್ಮಿ ಆಗಿದ್ದಾರೆ.

ತಿಂಗಳಿಗೊಂದು ಹಣ್ಣು

ದಿನಾ ಬಾಳೆ ತಿಂದು ಬೇಜಾರಾದ್ರೆ ಲೆಕ್ಕ ಹಾಗೇ ಇಟ್ಟು ಹಣ್ಣು ಬದಲಾಯಿಸಿ. ಯುಗಾದಿ, ರಾಮನವಮಿ ಹೊತ್ತಿಗೆ ಕರಬೂಜ ಬರುತ್ತೆ, ಅದಕ್ಕೆ ಬೆಲ್ಲ, ಏಲಕ್ಕಿ, ತೆಂಗಿನ ಹಾಲು ಹಾಕಿದ್ರೆ ಸೆಕೆಗೆ ತಂಪು. ಮೇ ತಿಂಗಳು ಪೂರ್ತಿ ಮಾವು, ನನ್ನ ರೂಮ್‌ಮೇಟ್ ಮಾತಿಗೆ ಎದುರು ಹೇಳೋ ಧೈರ್ಯ ನನಗಿಲ್ಲ. ಸಪೋಟ ಆದ್ರೆ ಬೆಲ್ಲನೇ ಬೇಡ. ಕಾರ್ತಿಕ ಮಾಸದಲ್ಲಿ ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೋದ್ರೆ ಕೆಲವು ವಾರಕ್ಕೆ ಆಗೋಷ್ಟು ಕಾಯಿ ತನ್ನಿ. ಹಣ್ಣು ಯಾವುದಾದ್ರೂ ಇರಲಿ, ಅವಲಕ್ಕಿ, ಕಡಲೆಕಾಯಿ ಬಿಡಬೇಡಿ.

ಸ್ವಲ್ಪ ಎಚ್ಚರ

- ಕಡಲೆಕಾಯಿ ಅಲರ್ಜಿ ಇರೋರು ಹುರಿಗಡಲೆ ಹಾಕಿ. ಅದೂ ಆಗದಿದ್ರೆ ಡಾಕ್ಟರನ್ನ ಕೇಳಿ.
- ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರೋರಿಗೆ ಈ ಅಳತೆ ಅಲ್ಲ.
- ಹೆಚ್ಚಿದ ಹಣ್ಣು, ತೆಂಗಿನ ಹಾಲು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇಡಬೇಡಿ. ಡಬ್ಬಕ್ಕೆ ಹಾಕಿದ್ರೆ ಮೊದಲ ಬ್ರೇಕಲ್ಲೇ ಮುಗಿಸಿ.
- ತೆಂಗಿನಕಾಯಿಯ ಕೊಬ್ಬು ಹೆಚ್ಚಾಗಿ ಸ್ಯಾಚುರೇಟೆಡ್. ಒಂದು ಹಿಡಿ ಸಾಕು, ರುಚಿ ಅಂತ ಅರ್ಧ ಕಾಯಿ ಹಾಕಬೇಡಿ.
- ಎಲ್ಲಕ್ಕಿಂತ ಮುಖ್ಯ, ರಸಾಯನ ಔಷಧಿ ಅಲ್ಲ. ಹಿಮೋಗ್ಲೋಬಿನ್ ಕಮ್ಮಿ ಇದ್ರೆ ಟೆಸ್ಟ್ ಮಾಡಿಸಿ, ಡಾಕ್ಟರ್ ಕೊಟ್ಟ ಮಾತ್ರೆ ತಗೊಳ್ಳಿ. ತಿಂಡಿ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಈಗ ಎಲ್ಲಿಗೆ ಬಂದಿದೆ

ಮೂರು ತಿಂಗಳಾದ ಮೇಲೆ ಮತ್ತೆ ಟೆಸ್ಟ್ ಮಾಡಿಸಿದೆ, 12.2 ಬಂತು. ಅದರಲ್ಲಿ ಮಾತ್ರೆಯ ಪಾಲೆಷ್ಟು, ಬಟ್ಟಲಿನ ಪಾಲೆಷ್ಟು ಅಂತ ಬೇರೆ ಮಾಡಿ ಹೇಳೋಕೆ ಆಗಲ್ಲ. ಮಾತ್ರೆದೇ ಜಾಸ್ತಿ ಇರಬೇಕು. ಆದ್ರೆ ಮೂರನೇ ಅವರ್‌ನಲ್ಲಿ ಬೋರ್ಡ್ ಈಗ ಸರಿಯಾಗಿ ಕಾಣುತ್ತೆ. ಸಬ್ಜೆಕ್ಟ್ ಮಾತ್ರ ಇನ್ನೂ ಕಷ್ಟನೇ.

ರಕ್ತ ಕೊಡೋಕೆ ಇನ್ನೂ 0.3 ಬೇಕು. ಮುಂದಿನ ಶಿಬಿರದಲ್ಲಿ ಮತ್ತೆ ಲೈನಲ್ಲಿ ನಿಲ್ತೀನಿ. ನೀವೂ ಬನ್ನಿ, ಆದ್ರೆ ಖಾಲಿ ಹೊಟ್ಟೆಯಲ್ಲಿ ಬರಬೇಡಿ.

ಕೊನೆಗೆ ಒಂದು ಮಾತು. ನಾನು ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟು ಉದ್ದ ಬರೆದಿದ್ದು ಇದೇ ಮೊದಲು. ಎಲ್ಲಾದ್ರೂ ತಪ್ಪಿದ್ರೆ, ರಸಾಯನದ ಜೊತೆ ಅದನ್ನೂ ಹೊಟ್ಟೆಗೆ ಹಾಕ್ಕೊಂಡುಬಿಡಿ.